ಬೀಗ ಹಾಕಿದ ಶೆಡ್ಡಿನಲ್ಲಿ ಒಂದು ಏಟು

ಹುಟ್ಟಿದ ಮಣ್ಣನ್ನು ಶಾಶ್ವತವಾಗಿ ಬಿಟ್ಟು ಹೊರಡುವವನ ಕಾಲನ್ನು ಆ ಮಣ್ಣೇ ಹಿಡಿದುಕೊಳ್ಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ಗುಬ್ಬಿಯಲ್ಲಿ ಮಣ್ಣು ನನ್ನ ಕಾಲು ಹಿಡಿದದ್ದು ಒಮ್ಮೆ ಮಾತ್ರ, ಪೈಪಿಗೆಂದು ರಸ್ತೆ ಅಗೆದಿದ್ದ ಒಂದು ಮಳೆಗಾಲದಲ್ಲಿ. ಆಗಲೂ ಅದು ಒಂದು ಚಪ್ಪಲಿಯನ್ನು ಇಟ್ಟುಕೊಂಡು ನನ್ನನ್ನು ಬಿಟ್ಟುಕೊಟ್ಟಿತು.

ದೆವ್ವ, ಶಕುನ, ಗಾಳಿ ಸೋಕು ಇವುಗಳ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿತ್ತು: ಇಲ್ಲ. ವೆಲ್ಡಿಂಗ್ ಮಾಡಿ ಬದುಕುವವನಿಗೆ ಹೆದರಲು ಕರೆಂಟೊಂದೇ ಸಾಕು. ಇದ್ದರೆ ಶಾಕಿನ ಭಯ, ಹೋದರೆ ಗಿರಾಕಿಯ ಭಯ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ನಡೆದದ್ದನ್ನು ಈ ನಿಲುವಿನ ಜೊತೆ ಹೊಂದಿಸಲು ಇವತ್ತಿನವರೆಗೂ ನನ್ನಿಂದ ಆಗಿಲ್ಲ. ನಡೆದ ಹಾಗೆ ಬರೆದುಬಿಡುತ್ತೇನೆ.

ಗುಬ್ಬಿಯಿಂದ ನಿಟ್ಟೂರಿಗೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು. ಗೇಟು, ಗ್ರಿಲ್ಲು, ಮೆಟ್ಟಿಲಿನ ಕಟಕಟೆ ನನ್ನ ಕಸುಬು. ಆಸ್ಟ್ರೇಲಿಯಾದಲ್ಲಿ ವೆಲ್ಡರುಗಳಿಗೆ ಬರಗಾಲವಂತೆ, ಹೆಂಡತಿ ಮಕ್ಕಳ ಸಮೇತ ಖಾಯಂ ಆಗಿ ಇಟ್ಟುಕೊಳ್ಳುತ್ತಾರಂತೆ ಎಂಬ ಸುದ್ದಿಯನ್ನು ತಂದವಳು ನನ್ನ ಹೆಂಡತಿ ಪುಷ್ಪ. ನಾನು ನಕ್ಕೆ. ಅವಳು ನಗಲಿಲ್ಲ. "ಊರೋರ ಮನೇಗೆಲ್ಲಾ ಗೇಟ್ ಮಾಡ್ಕೊಟ್ರಿ. ಗೇಟ್ ಹಾಕ್ಸಕ್ಕೆ ನಮಗೊಂದ್ ಮನೆ ಐತಾ?" ಅಂದಳು. ನಾನು ತುಮಕೂರಿಗೆ ಹೋಗಿ ಇಂಗ್ಲಿಷ್ ಪಾಠಕ್ಕೆ ಸೇರಿಕೊಂಡೆ. ಮಗಳ ವಾರಿಗೆಯ ಮಕ್ಕಳ ನಡುವೆ ಕುಳಿತು, ಎಂದೂ ನೋಡದ ಸಮುದ್ರತೀರದ ಬಗ್ಗೆ ಪ್ರಬಂಧ ಬರೆದೆ. ಅದರಲ್ಲಿ ಪಾಸೂ ಆದೆ.

ಉಳಿದದ್ದು ಕಸುಬಿನ ಪರೀಕ್ಷೆ. ಅಲ್ಲಿಯ ಪರೀಕ್ಷಕರು ವೀಡಿಯೋ ಕಾಲಿನಲ್ಲಿ ಬಂದು, ನನ್ನ ಶೆಡ್ಡಿನಲ್ಲೇ ನನ್ನ ಕೆಲಸ ನೋಡಿ, ಪ್ರಶ್ನೆ ಕೇಳುತ್ತಾರೆ. ಪಕ್ಕದಲ್ಲಿ ಯಾರೂ ಇರಕೂಡದು. ಹೇಳಿಕೊಡುವವರು ಇದ್ದಾರೆಂದು ಕಂಡರೆ ಅಲ್ಲಿಗೆ ಮುಗಿಯಿತು. ನನ್ನ ವಯಸ್ಸು ಅವರ ಮಿತಿಯ ಹೊಸ್ತಿಲಲ್ಲಿತ್ತು. ಈ ಸಲ ಬಿದ್ದರೆ ಎದ್ದು ಮತ್ತೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ನನಗೆ ಮಾತ್ರವಲ್ಲ, ಆಗಲೇ ಮನೆಯ ಪಾತ್ರೆಗಳನ್ನು ಯಾರಿಗೆ ಯಾವುದೆಂದು ಮನಸ್ಸಿನಲ್ಲೇ ಹಂಚಿ ಮುಗಿಸಿದ್ದ ಪುಷ್ಪಳಿಗೂ.

ಇಲ್ಲಿ ಸಿದ್ದಪ್ಪ ಮೇಸ್ತ್ರಿಗಳ ಪರಿಚಯ ಮಾಡಿಕೊಡಬೇಕು. ಕುಣಿಗಲ್ಲಿನವರು, ನನಗೆ ಕೆಲಸ ಕಲಿಸಿದವರು. ವೆಲ್ಡಿಂಗ್ ಮಾಡುವಾಗ ಮುಖದ ಮೇಲೆ ಕಪ್ಪು ಗಾಜು, ಕಿವಿಯ ತುಂಬ ಸದ್ದು. ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅವರು ಬೆಸುಗೆಯ ಮೇಲೆ ಕಟ್ಟುವ ಕಿಟ್ಟವನ್ನು ಕೆರೆಯುವ ಸಣ್ಣ ಸುತ್ತಿಗೆಯಿಂದ ಕಬ್ಬಿಣದ ಮೇಜಿಗೆ ಬಡಿಯುತ್ತಿದ್ದರು. ಎರಡು ಏಟು ಹೊಡೆದರೆ ಸರಿಯಾಗಿದೆ, ಮುಂದುವರಿ. ಒಂದೇ ಏಟು ಹೊಡೆದರೆ ನಿಲ್ಲಿಸು, ಮಾಡಿದ್ದನ್ನು ಕಿತ್ತುಹಾಕು. ಏಟಿನ ಅದುರು ಮೇಜಿನೊಳಗಿಂದ ಹಾಯ್ದು ನನ್ನ ಅಂಗೈಗೆ ಬರುತ್ತಿತ್ತು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಆ ಮೇಜನ್ನೂ ತಾವು ಕೂರುತ್ತಿದ್ದ ಸ್ಟೂಲನ್ನೂ ನನಗೆ ಕೊಟ್ಟರು. ನನ್ನ ಶೆಡ್ಡಿನಲ್ಲಿ ಆ ಸ್ಟೂಲಿನ ಮೇಲೆ ಯಾರೂ ಕೂರುವಂತಿಲ್ಲ. ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ, ಸೇವಂತಿಗೆ. ಪರದೇಶಕ್ಕೆ ಹೋಗುವ ವಿಷಯವನ್ನು ಅವರಿಗೆ ಇನ್ನೂ ಹೇಳಿರಲಿಲ್ಲ. ವೀಸಾ ಬಂದಮೇಲೆ ಹಣ್ಣುಕಾಯಿ ಸಮೇತ ಹೋಗಿ ಹೇಳುವುದೆಂದು ನಾನೂ ಪುಷ್ಪಳೂ ಮಾತಾಡಿಕೊಂಡಿದ್ದೆವು.

ಪರೀಕ್ಷೆಯ ದಿನ ಆಸ್ಟ್ರೇಲಿಯಾದವರಿಗೆ ಹೊತ್ತೇರಿತ್ತು, ನಮಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಮ್ಮ ಕಡೆ ಷಟರು ಒಂದು ಮೊಳ ಎತ್ತಿದ್ದರೂ ಸಾಕು, ಯಾರಾದರೂ ಬಗ್ಗಿ ನೋಡಿ "ಗೇಟ್ ಅಡಿಗೆಷ್ಟಣ್ಣ?" ಎಂದು ಒಳಗೆ ಬರುತ್ತಾರೆ. ಆದ್ದರಿಂದ ಪುಷ್ಪ ಷಟರು ಎಳೆದು, ಹೊರಗಿನಿಂದ ಬೀಗ ಜಡಿದು, ಕೀಲಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು. ಶೆಡ್ಡಿಗೆ ಬೇರೆ ಬಾಗಿಲಿಲ್ಲ.

ಮೊಬೈಲಿನಲ್ಲಿ ಕಾಣಿಸಿಕೊಂಡವರು ನಗುಮುಖದ ಒಬ್ಬ ಹೆಂಗಸು. ಮೊದಲು ನನ್ನ ಯಂತ್ರವನ್ನು ತೋರಿಸಲು ಹೇಳಿದರು. ಅದಕ್ಕೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಏನೆಂದು ಕೇಳಿದರು. ಸುರಕ್ಷತೆಗೆ ಎಂದೆ. ಅವರು ಗಂಭೀರವಾಗಿ ಬರೆದುಕೊಂಡರು.

ಎರಡು ಕಬ್ಬಿಣದ ಪ್ಲೇಟು ಜೋಡಿಸಿ ವೆಲ್ಡ್ ಮಾಡಿ ತೋರಿಸಿದೆ. ಪ್ರಶ್ನೆಗಳು ಶುರುವಾದವು. ಎರಡನೆಯದೋ ಮೂರನೆಯದೋ ಉತ್ತರ ಮುಗಿದಾಗ ಅವರು ಸೌಜನ್ಯದಿಂದಲೇ ಹೇಳಿದರು: "ನಿಮ್ಮ ಹಿಂದೆ ಕುಳಿತಿರುವವರಿಗೆ ಮೇಜು ಬಡಿಯಬೇಡಿ ಎಂದು ಹೇಳಿ."

ತಿರುಗಿ ನೋಡಿದೆ. ಸ್ಟೂಲಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಸದ್ದೂ ನನಗೆ ಕೇಳಿರಲಿಲ್ಲ.

ಯಾರೂ ಇಲ್ಲ ಮೇಡಂ ಎಂದೆ. ಆಕೆಯ ನಗು ಸ್ವಲ್ಪ ಕಡಿಮೆಯಾಯಿತು. ಬಿಳಿ ಕೂದಲಿನ ಹಿರಿಯರು, ಹೆಗಲ ಮೇಲೆ ಟವೆಲು, ಕೈಯಲ್ಲಿ ಸಣ್ಣ ಸುತ್ತಿಗೆ ಎಂದರು. ನೀವು ಉತ್ತರ ಹೇಳಿದ ಪ್ರತಿ ಸಲವೂ ಎರಡು ಏಟು ಹೊಡೆಯುತ್ತಾರೆ. ಇದು ಹೇಳಿಕೊಡುವುದೆಂದು ನಾನು ಬರೆಯಬೇಕಾಗುತ್ತದೆ ಎಂದು ಎಚ್ಚರಿಸಿದರು. ದೆವ್ವದ ಭಯಕ್ಕಿಂತ ಆ ಹೊತ್ತಿಗೆ ವೀಸಾದ ಭಯವೇ ದೊಡ್ಡದಾಗಿತ್ತು. ಮೊಬೈಲನ್ನು ಕೈಗೆತ್ತಿಕೊಂಡು ಮೂಲೆ ಮೂಲೆ ತೋರಿಸಿದೆ. ಸ್ಟೂಲಿನ ಹತ್ತಿರ ಹೋದಾಗ ಆಕೆ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ, "ಸರಿ, ಈಗ ಕಾಣುತ್ತಿಲ್ಲ. ಮುಂದುವರಿಯೋಣ" ಎಂದರು.

ಮುಂದಿನ ಪ್ರಶ್ನೆಗಳಿಗೆಲ್ಲ ಒಂದು ಅಂಗೈಯನ್ನು ಮೇಜಿನ ಮೇಲೆ ಊರಿಕೊಂಡೇ ಉತ್ತರಿಸಿದೆ. ಏನೂ ಆಗಲಿಲ್ಲ. ಪರೀಕ್ಷೆ ಮುಗಿಯಿತು ಎಂದು ಹೇಳಿ, ಕೊನೆಗೆ ಆಕೆ ಮಾತಿಗೆಂಬಂತೆ ಕೇಳಿದರು: ಚೆನ್ನಾಗಿದೆ ನಿಮ್ಮ ಶೆಡ್ಡು, ಮತ್ತೆ ಯಾವಾಗಲಾದರೂ ಈ ಶೆಡ್ಡಿಗೆ ಕೆಲಸಕ್ಕೆ ವಾಪಸ್ ಬರುತ್ತೀರಾ? ನಾನು ತುಮಕೂರಿನಲ್ಲಿ ಕಲಿತ ಅಷ್ಟೂ ಇಂಗ್ಲಿಷನ್ನು ಒಟ್ಟುಗೂಡಿಸಿ, ಇಲ್ಲ ಮೇಡಂ, ಖಾಯಂ ಆಗಿ ಆಸ್ಟ್ರೇಲಿಯಾದಲ್ಲೇ ಎಂದೆ.

ಒಂದು ಏಟು. ಕಿವಿಗೆ ಕೇಳಲಿಲ್ಲ, ಅಂಗೈಗೆ ಬಂತು. ಎರಡನೆಯದಕ್ಕೆ ಕಾದೆ. ಬರಲಿಲ್ಲ.

"ಅವರು ಎದ್ದು ಹೊರಟರು," ಎಂದರು ಆಕೆ, ನನ್ನ ಭುಜದ ಆಚೆ ನೋಡುತ್ತ. ಕಾಲ್ ಕಡಿದುಹೋಯಿತು. ಪುಷ್ಪ ಬಂದು ಬೀಗ ತೆಗೆಯುವವರೆಗೆ ನಾನು ಮೇಜಿನಿಂದ ಕೈ ಎತ್ತಲಿಲ್ಲ. ಎತ್ತಬಾರದೆಂದಲ್ಲ, ಎತ್ತಲು ಆಗಲಿಲ್ಲ.

ಮೇಸ್ತ್ರಿಗಳಿಗೆ ಏನೋ ಆಗಿರಬೇಕೆಂದು ಅವತ್ತೇ ತುಮಕೂರಿಗೆ ಹೋಗಿ, ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕುಣಿಗಲ್ಲಿಗೆ ಓಡಿದೆ. ಇಂಥ ಕಥೆಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಹಿರಿಯರು ತೀರಿಕೊಂಡಿರುತ್ತಾರೆ. ಮೇಸ್ತ್ರಿಗಳು ಜಗಲಿಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು. "ಮಾವ ಬೆಳಗ್ಗಿಂದ ಜಗಲಿ ಬಿಟ್ಟು ಎದ್ದಿಲ್ಲ ಕಣಣ್ಣ, ಕೂತವ್ರೆ ಅಷ್ಟೆ," ಅಂದಳು ಸೊಸೆ.

"ಯಾರ್ಲಾ? ಗುಬ್ಬಿಯೋನಾ?" ಎಂದರು ಮೇಸ್ತ್ರಿಗಳು, ನನ್ನ ಹೆಜ್ಜೆಯ ಸದ್ದಿಗೆ.

"ಹೂಂ ಮೇಸ್ತ್ರಿ. ನಾನೇ."

ಕಾಫಿ ಬಂತು. ತೆಂಗಿನಕಾಯಿ ರೇಟು, ಯಾರದೋ ಮದುವೆ, ಇಂಥ ಮಾತು ನಡೆಯಿತು. ಸಮಾಧಾನವಾಗಿ ಇನ್ನು ಏಳೋಣ ಎನ್ನುವಾಗ ಅವರು ತಟ್ಟೆ ಬದಿಗಿಟ್ಟು ಕೇಳಿದರು: "ಅದ್ಸರಿ, ಕೊನೇಗೆ ಆಯಮ್ಮ ಏನ್ಲಾ ಕೇಳಿದ್ದು? ನಂಗೆ ಆ ಭಾಷೆ ತಿಳೀಲಿಲ್ಲ."

"ಯಾವ ಆಯಮ್ಮ, ಮೇಸ್ತ್ರಿ?"

"ನನ್ನೇ ಕೇಳ್ತೀಯಲ್ಲಲೇ. ನೀನ್ ತಾನೇ ಮಾತಾಡ್ತಿದ್ದೋನು?"

ವಾಪಸ್ ಬರ್ತೀಯಾ ಅಂತ ಕೇಳಿದ್ರು ಎಂದೆ.

"ಏನಂದೆ?"

"ಬರಲ್ಲ ಅಂದೆ."

ಅವರ ತೋರುಬೆರಳು ಜಗಲಿಯ ಕಲ್ಲನ್ನು ತಟ್ಟಿತು. ಒಂದು ಸಲ.

"ಹೋಗ್ಬಾರ್ದಾ ಮೇಸ್ತ್ರಿ?"

"ಹೋಗು. ಯಾರ್ಲಾ ಬ್ಯಾಡ ಅಂದೋರು?"

"ಮತ್ತೆ ಆ ಏಟು?"

"ಯಾವ ಏಟು?" ಎಂದು ಮಂಜುಗಣ್ಣನ್ನು ನನ್ನತ್ತ ತಿರುಗಿಸಿದರು. ಆ ಮುಖದಲ್ಲಿ ಇದ್ದದ್ದು ಆಶ್ಚರ್ಯವೇ. ನಟನೆ ಅವರಿಗೆ ಬರುವುದಿಲ್ಲ. "ಕಾಪಿ ಕುಡಿ. ಆರೋಯ್ತದೆ."

ನಾನು ಪಾಸಾದೆ. ವೀಸಾ ಬಂತು. ಹಣ್ಣುಕಾಯಿ ಕೊಟ್ಟು ಕಾಲಿಗೆ ಬಿದ್ದಾಗ ಮೇಸ್ತ್ರಿಗಳು ತಲೆಯ ಮೇಲೆ ಕೈಯಿಟ್ಟು ಹರಸಿದರು. ನಾವು ಆಸ್ಟ್ರೇಲಿಯಾಕ್ಕೆ ಬಂದು ಮೂರು ವರ್ಷವಾಯಿತು. ಇಲ್ಲಿ ನಮಗೆ ಕೆಟ್ಟದ್ದೇನೂ ಆಗಿಲ್ಲ; ಪುಷ್ಪಳಿಗೆ ಗೇಟಿರುವ ಮನೆಯೂ ಸಿಕ್ಕಿದೆ. ಆದರೆ ದಿನಾ ಕೆಲಸ ಶುರು ಮಾಡುವ ಮೊದಲು ಕೈಗವಸು ಬಿಚ್ಚಿ ಮೇಜಿನ ಮೇಲೆ ಅಂಗೈ ಊರಿ ನಿಲ್ಲುತ್ತೇನೆ. ಇವನು ಪ್ರಾರ್ಥನೆ ಮಾಡುತ್ತಾನೆ ಎಂದುಕೊಂಡಿದ್ದಾರೆ ಇಲ್ಲಿಯವರು. ನಾನೂ ತಿದ್ದಿಲ್ಲ.

ಭಾರವೆಂದು ಮೇಜು, ಸ್ಟೂಲು ಎರಡನ್ನೂ ಶೆಡ್ಡಿನಲ್ಲೇ ಬಿಟ್ಟು ಬಂದಿದ್ದೆ. ಕೀಲಿ ಪುಷ್ಪಳ ತಮ್ಮ ಮಂಜನ ಹತ್ತಿರ ಇದೆ. ಹೋದ ತಿಂಗಳು ಅವನು ಫೋನಿನಲ್ಲಿ ಬೇಸರ ಮಾಡಿಕೊಂಡ. "ಭಾವ, ಬಾಡಿಗೆಗೆ ನೋಡಕ್ ಬಂದೋರೆಲ್ಲಾ ಷಟರ್ ಹತ್ರಾನೇ ನಿಂತು ವಾಪಸ್ ಹೋಯ್ತಾವ್ರೆ. ಒಳಗೆ ಯಾರೋ ಕೆಲಸ ಮಾಡ್ತಾವ್ರೆ, ಖಾಲಿ ಎಲ್ಲೈತೆ ಅಂತಾರೆ. ಸುತ್ತಿಗೆ ಸದ್ದಂತೆ."

"ಎಷ್ಟು ಏಟು?" ಎಂದೆ.

"ಅದನ್ನ ಯಾರ್ ಎಣಿಸ್ತಾರೆ ಭಾವ!"

ಮೇಸ್ತ್ರಿಗಳು ಕುಣಿಗಲ್ಲಿನಲ್ಲಿ ಆರೋಗ್ಯವಾಗಿದ್ದಾರೆ. ಶೆಡ್ಡು ಇನ್ನೂ ಬಾಡಿಗೆಗೆ ಹೋಗಿಲ್ಲ.