ಮಾತಿಗೊಂದು ಚೀಲ

ಬಿಸಿಲಿಗೆ ಕಾದ ಟಾರ್ಪಾಲಿನ್, ಹೊಲಿಗೆ ಯಂತ್ರದ ಎಣ್ಣೆ: ಈ ಎರಡೂ ಬೆರೆತ ವಾಸನೆ ಮೂಗಿಗೆ ತಾಕಿದರೆ ಚೀಲದಕ್ಕನಿಗೆ ಈಗಲೂ ಅಪ್ಪನ ಮಡಿಲು ನೆನಪಾಗುತ್ತದೆ. ಲಾರಿಗಳಿಗೆ ಹೊದಿಕೆ ಹೊಲಿಯುತ್ತಿದ್ದ ಅಪ್ಪ ಈಗಿಲ್ಲ, ಯಂತ್ರ ಉಳಿದಿದೆ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಬೀದಿದೀಪ ಇನ್ನೂ ಆರದ ಹೊತ್ತಿನಲ್ಲಿ, ಅವರು ಲ್ಯಾಪ್‌ಟಾಪ್ ಚೀಲವೊಂದರ ಹೊಲಿಗೆ ಬಿಚ್ಚುತ್ತ ಕುಳಿತಿದ್ದಾರೆ. ತಾವೇ ಹಾಕಿದ ಹೊಲಿಗೆ.

ಚೀಲ ಬೇಕೆಂದು ಬಂದವರಿಗೆ ಚೀಲದಕ್ಕ ಮೊದಲು ಬಣ್ಣ ತೋರಿಸುವುದಿಲ್ಲ. "ಒಂಚೂರು ನಡೆದು ತೋರಿಸಪ್ಪ" ಎನ್ನುತ್ತಾರೆ. ಹೆಗಲು ಎತ್ತ ವಾಲುತ್ತದೆ, ಹೊರೆಯನ್ನು ಮೆಲ್ಲಗೆ ಇಳಿಸುತ್ತಾರೋ ದೊಪ್ಪೆಂದು ಹಾಕುತ್ತಾರೋ ನೋಡುತ್ತಾರೆ. "ಅಂಗಡಿ ಚೀಲಕ್ಕೆ ಹೊಟ್ಟೆ ತುಂಬ ಸ್ಪಂಜು, ಬುಡ ಮಾತ್ರ ಬರಿದು. ನೆಲಕ್ಕಿಟ್ಟಾಗ ಪೆಟ್ಟು ಬೀಳೋದು ಮೂಲೆಗೇ ಅಲ್ವಾ?"

ಹೊಲಿದು ಮುಗಿದ ಮೇಲೆ ಅವರು ಮಾಡುವ ಪರೀಕ್ಷೆ ಕಂಡರೆ ಮೈ ಜುಮ್ಮೆನ್ನುತ್ತದೆ. ತಮ್ಮ ಕನ್ನಡಕ ತೆಗೆದು ಚೀಲದೊಳಗಿಟ್ಟು ಮೇಜಿನಿಂದ ಕೆಳಗೆ ಬಿಡುತ್ತಾರೆ. ಇರುವುದು ಅದೊಂದೇ ಕನ್ನಡಕ. ಅದಿಲ್ಲದೆ ಸೂಜಿಯ ಕಣ್ಣೂ ಕಾಣದು.

"ಬೇರೆಯವರದ್ದನ್ನ ಕಾಯ್ತೀನಿ ಅಂದ್ಮೇಲೆ ನಂದನ್ನೂ ಒಳಗಿಡಬೇಕಲ್ಲ!"

ಈಗ ಬಿಚ್ಚುತ್ತಿರುವ ಚೀಲ ಪಕ್ಕದ ಬೀದಿಯ ಕಾಲೇಜು ಹುಡುಗಿಯದು. ಅವಳಿಗೆ ಹುಟ್ಟಿನಿಂದ ಮಾತು ಬಾರದು. ಅವಳು ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪ್ ಗಟ್ಟಿಯಾಗಿ ಓದಿ ಹೇಳುತ್ತದೆ. ಒಮ್ಮೆ ಬಸ್ಸಿನಲ್ಲಿ ಬಿದ್ದು ಅದು ರಿಪೇರಿಗೆ ಹೋದಾಗ ಅವಳ ಮಾತೂ ಜೊತೆಗೇ ಹೋಗಿತ್ತು. ಇನ್ನೊಮ್ಮೆ ಬಿದ್ದರೆ ಉಳಿಯದು ಎಂದಿದ್ದಾರೆ ರಿಪೇರಿಯವರು. ಹಾಗಾಗಿ ಚೀಲದಕ್ಕ ದಪ್ಪ ಪದರ, ಜಿಪ್, ಅದರ ಮೇಲೆ ಪಟ್ಟಿ, ಬಕಲ್ ಎಲ್ಲ ಹಾಕಿ ಕೋಟೆಯನ್ನೇ ಕಟ್ಟಿದ್ದರು.

ನಿನ್ನೆ ಸಂಜೆ ಹುಡುಗಿ ಬಂದು, ಕೋಟೆ ಬಿಚ್ಚಿ ಟೈಪ್ ಮಾಡಿದಳು. "ಅಕ್ಕಾ, ಇಳೀಬೇಕು ಅಂತ ಹೇಳೋಷ್ಟರಲ್ಲಿ ನನ್ನ ಸ್ಟಾಪ್ ದಾಟಿಹೋಗಿತ್ತು" ಎಂದಿತು ಲ್ಯಾಪ್‌ಟಾಪ್.

"ನನ್ ಬುದ್ಧಿಗಿಷ್ಟು! ಮಿಷನ್ ಕಾಯೋಕೆ ಹೋಗಿ ಮಗು ಬಾಯಿಗೆ ಹೊಲಿಗೆ ಹಾಕ್ಬಿಟ್ಟೆ" ಎಂದು ಹಣೆ ಚಚ್ಚಿಕೊಂಡರು ಚೀಲದಕ್ಕ.

ಬೆಳಕು ಹರಿಯುವಾಗ ಚೀಲಕ್ಕೆ ಉಳಿದಿರುವುದು ಒಂದೇ ಮುಚ್ಚಳ. ಎಳೆದರೆ ಪುಸ್ತಕದಂತೆ ಮಡಿಲ ಮೇಲೆ ತೆರೆದುಕೊಳ್ಳುತ್ತದೆ. ಮೂಲೆಗಳನ್ನು ದಪ್ಪ ಎಲಾಸ್ಟಿಕ್ ಹಿಡಿದಿರುವುದರಿಂದ ಲ್ಯಾಪ್‌ಟಾಪನ್ನು ಹೊರಗೆ ತೆಗೆಯಬೇಕಾಗಿಲ್ಲ. ಕನ್ನಡಕ ಒಳಗೆ ಹೋಗುತ್ತದೆ, ಚೀಲ ಕೆಳಗೆ ಬೀಳುತ್ತದೆ, ಕನ್ನಡಕ ಮತ್ತೆ ಮೂಗೇರುತ್ತದೆ.

ಮೊದಲ ಬಸ್ಸಿಗೆ ಮುಂಚೆಯೇ ಹುಡುಗಿ ಹಾಜರು. ಅವಳು ತಂದ ಲ್ಯಾಪ್‌ಟಾಪ್ ಚೀಲದೊಳಗೆ ಕೂರುತ್ತದೆ. ಚೀಲದಕ್ಕ ಮೇಜು ತಟ್ಟುತ್ತಾರೆ. "ನಾನೇ ಕಂಡಕ್ಟರ್ ಅಂದ್ಕೋ. ಬಸ್ ಹೊರಡ್ತು, ರೈಟ್, ರೈಟ್!"

ಮುಚ್ಚಳ ಸರಕ್ಕನೆ ತೆರೆಯುತ್ತದೆ, ಬೆರಳುಗಳು ಓಡುತ್ತವೆ. "ಕಂಡಕ್ಟರಕ್ಕಾ, ನಿಲ್ಸಿ, ಇಳೀಬೇಕು!" ಎನ್ನುತ್ತದೆ ಲ್ಯಾಪ್‌ಟಾಪ್.

ಇಬ್ಬರಿಗೂ ನಗು ತಡೆಯಲಾಗುವುದಿಲ್ಲ. "ಚೀಲ ಚೆಂದ ಇದೆ ಅಂತ ಯಾರೂ ಹೇಳೋದು ಬೇಡ" ಎನ್ನುತ್ತಾರೆ ಚೀಲದಕ್ಕ, ಕಣ್ಣೊರೆಸಿಕೊಳ್ಳುತ್ತ. "ಹೆಗಲ ಮೇಲಿದೆ ಅನ್ನೋದೇ ಮರೆತುಹೋಗ್ಬೇಕು. ಅಷ್ಟೇ ನನ್ನಾಸೆ."

ಹುಡುಗಿ ಮುಚ್ಚಳ ಮುಚ್ಚಿ ಚೀಲ ಹೆಗಲಿಗೇರಿಸುತ್ತಾಳೆ. ಮನೆಯಿಂದ ತಂದಿದ್ದ ಬಿಸಿ ಬುತ್ತಿಯನ್ನು ಯಂತ್ರದ ಪಕ್ಕ ಇಟ್ಟು, ಅಕ್ಕನ ಕಡೆಗೆ ಮೆಲ್ಲಗೆ ಸರಿಸುತ್ತಾಳೆ.