ಗಿಲ್ಬರ್ಟನ ಕಿರುಚುವ ಬ್ರೇಕು

ಟ್ವೀಡ್ ಕಣಿವೆಯ ಕಾಡುದಾರಿ ಮುಗಿಯುವಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮುರ್ಡೋನಿಗೆ ಗಿಲ್ಬರ್ಟನೆಂಬ ಗಿರಾಕಿ ಹಬ್ಬವೂ ಹೌದು, ಉಪವಾಸವೂ ಹೌದು. ಯೌವನದಲ್ಲಿ ಕೊಂಡ ಬೆಟ್ಟದ ಸೈಕಲ್ಲಿಗೆ ಗಿಲ್ಬರ್ಟ್ ಅಗಲದ ಹ್ಯಾಂಡಲ್ ಹಾಕಿಸಿದ, ದಪ್ಪ ಟೈರು ತುರುಕಿಸಿದ, ಕುಲುಕು ನುಂಗುವ ಫೋರ್ಕು ಕೂರಿಸಿದ, "ಹೊಸದೇ ತಗೊಳ್ಳೋ" ಅಂದರೆ ಮಾತ್ರ, "ಇದರಲ್ಲಿ ಹಳೇದು ಏನುಳಿದಿದೆ ಹೇಳು?" ಎನ್ನುತ್ತಾನೆ. ಈ ಕಾಲದವರು ಕಡಿದ ಬಂಡೆಯಿಳಿಜಾರಿನಲ್ಲಿ ಆ ಸೈಕಲ್ಲು ಮುದಿ ಆಡಿನ ಹಾಗೆ ಮೊದಲು ಯೋಚಿಸಿ, ಆಮೇಲೆ ಹಾರುತ್ತದೆ. ಹುಡುಗರು "ತಾತಾ, ಇದು ಸೈಕಲ್ಲೋ, ಮ್ಯೂಸಿಯಮ್ಮೋ?" ಅಂದರೆ, "ಟಿಕೆಟ್ ತಗೊಂಡು ಮಾತಾಡ್ರಪ್ಪಾ" ಅನ್ನುತ್ತಾನೆ. ಹಿಂದಿನ ಚಕ್ರದ ಬ್ರೇಕೊಂದು ಮಾತ್ರ ಪ್ರತಿ ತಿರುವಿನಲ್ಲೂ ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನಂತೆ ಕಿರುಚುತ್ತದೆ. ಸದ್ದಿಲ್ಲದ ಬ್ರೇಕು ಮಾರಲು ಹೆಣಗಿ ಸೋತ ಮುರ್ಡೋ, ಮೊನ್ನೆ ಶನಿವಾರ, ಹುಟ್ಟಾ ವ್ಯಾಪಾರಿಯ ಬಾಯಲ್ಲಿ ಬರಬಾರದ ಮಾತನ್ನೇ ಆಡಿದ: "ಪುಕ್ಕಟೆ ಹಾಕ್ಕೊಡ್ತೀನಿ ಮಾರಾಯ, ನನ್ನ ಕಿವಿ ಉಳಿಸು!" ಗಿಲ್ಬರ್ಟ್ ನಕ್ಕು ಬೆಟ್ಟ ಹತ್ತಿದ. ಅಂಗಡಿಯೆದುರಿನ ಬೆಂಚಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದ ಅವನ ಹೆಂಡತಿ ಮೇರೆಡ್, ಏನೂ ಕಾಣದ ದಟ್ಟ ಮರಗಳತ್ತ ನೋಡುತ್ತ, "ಅವನಿಗೆ ಹಾರ್ಟ್ ಆಪರೇಷನ್ ಆದ್ಮೇಲೆ ಬೆಟ್ಟ ಬೇಡ ಅಂದೆ. ಪ್ರತಿ ತಿರುವಲ್ಲೂ ಕಿರುಚ್ತಾನೇ ಬರ್ತೀನಿ, ಕೇಳ್ತಾ ಇರು ಅಂದ" ಎಂದಳು. ಮೇಲಿನ ತಿರುವು ಕಿರುಚಿತು. ಅವಳು ಫ್ಲಾಸ್ಕಿನ ಮುಚ್ಚಳ ತೆಗೆದಳು. ಮುಂದಿನದು ತುಸು ತಡವಾಯಿತು. ಮುರ್ಡೋ ಸ್ಪ್ಯಾನರ್ ಹಿಡಿದೇ ಹೊರಬಂದು ಮರಗಳತ್ತ ಕಿವಿಗೊಟ್ಟ. ಕಿರ್ರ್ ಎಂದು ಕೇಳಿದ್ದೇ, "ಆ ಬ್ರೇಕು ಯಾರೂ ಮುಟ್ಟದ ಹಾಗೆ ನೋಡ್ಕೊ ಅಕ್ಕಾ" ಎಂದು, ಚಹಾಕ್ಕೆ ತನ್ನ ಲೋಟವನ್ನೂ ಮುಂದೆ ಚಾಚಿದ.