ಕೆಂಪು ಕೊಡೆಯ ಕಡೆಗೆ ಬೀಸಿದ ಕೈಗಳು

ಆ ಮನೆಗೆ ಹೊಸಬರು ಬಂದರೆ ಮೊದಲು ಕಣ್ಣಿಗೆ ಬೀಳುವುದು ಅಡುಗೆಮನೆಯ ಬಾಗಿಲ ಚೌಕಟ್ಟು. ಮಕ್ಕಳಿರುವ ಮನೆಯಲ್ಲಿ ಎತ್ತರಕ್ಕೆ ಗೆರೆ ಎಳೆದು ಪಕ್ಕದಲ್ಲಿ ವಯಸ್ಸು ಬರೆಯುತ್ತಾರೆ. ಇಲ್ಲಿ ವಯಸ್ಸಿಲ್ಲ. ಒಂದು ಗೆರೆಯ ಪಕ್ಕ ‘ತಿರುಗೋ ಕಪ್-ಬಸಿ’ ಎಂದಿದೆ, ಅದರ ಮೇಲೆ ‘ನೀರಿನ ಜಾರು’, ಎಲ್ಲಕ್ಕಿಂತ ಮೇಲೆ ‘ಗಡಗಡ’. ಆ ಗೆರೆಗೆ ನೆತ್ತಿ ತಾಗಿದ ದಿನ ಮಗುವನ್ನು ಥೀಮ್ ಪಾರ್ಕಿನ ಆ ಆಟಕ್ಕೆ ಬಿಡುತ್ತಾರೆ ಎಂದು ಅರ್ಥ. ಮನೆಯ ಒಬ್ಬಳೇ ಮಗಳು ‘ಗಡಗಡ’ದ ಗೆರೆ ಮುಟ್ಟಿದ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಚಕ್ಕರ್ ಹೊಡೆದು ಪಾರ್ಕಿಗೆ ಹೋದರು. ಅವಳು ಶಾಲೆಗೆ ಸೇರಿದ ದಿನ ಯಾರೂ ರಜ ಹಾಕಿರಲಿಲ್ಲ.

ಗಡಗಡ ಅಂದರೆ ಮರದ ತೊಲೆಗಳ ಮೇಲೆ ಹಳಿ ಹಾಕಿ ಕಟ್ಟಿದ ಹಳೆಯ ರೋಲರ್ ಕೋಸ್ಟರ್. ಪಾರ್ಕಿನವರು ಅದಕ್ಕೆ ಏನೋ ಭಾರಿ ಹೆಸರಿಟ್ಟಿದ್ದರು, ಅದು ಬೋರ್ಡಿನಲ್ಲೇ ಉಳಿಯಿತು. ಈ ಮನೆಯವರ ಹುಚ್ಚು ಎಂಥದ್ದೆಂದರೆ, ಯಜಮಾನ ಸಿಟಿ ಬಸ್ಸಿನ ಡ್ರೈವರು, ತಿರುವಿನಲ್ಲಿ ಬಸ್ಸು ವಾಲಿದರೆ ಸಾಕು, ‘ಗಡಗಡದ ಮೂರನೇ ತಿರುವು ಇದ್ದ ಹಾಗಿದೆ’ ಎಂದು ಕಂಡಕ್ಟರಿಗೆ ವರದಿ ಒಪ್ಪಿಸುತ್ತಾನೆ. ಅವನ ತಮ್ಮ ಲಿಫ್ಟ್ ರಿಪೇರಿಯವನು. ಯಾವ ಮನೆಯ ಸೋಫಾದಲ್ಲಿ ಕೂತರೂ ಗಡಗಡದ ಸೀಟಿನಲ್ಲಿದ್ದಂತೆ, ಇಲ್ಲದ ಕಂಬಿಯೊಂದನ್ನು ಎರಡು ಕೈಗಳಿಂದ ತೊಡೆಯ ಮೇಲೆ ಎಳೆದುಕೊಳ್ಳುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಹಾಗೇ ಮಾಡಿದ, ಆ ಸಂಬಂಧ ಕೂಡಿಬರಲಿಲ್ಲ. ಇವರಿಬ್ಬರ ತಾಯಿಯೋ, ಹಿಂದಿನ ಸೀಟಿನ ಕಟ್ಟಾ ಅಭಿಮಾನಿ. ಮುಂದಿನ ಸೀಟು ಚೆನ್ನ ಎಂದವರ ಜೊತೆ ಆಕೆ ಊಟಕ್ಕೆ ಕೂರುವುದಿಲ್ಲ.

ಇಂಥವರ ನಡುವೆ ಸೊಸೆಯಾಗಿ ಬಂದವಳೇ ನಮ್ಮ ಚೀಲದಕ್ಕ. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಸೊಟ್ಟಗಾದ ಕಡ್ಡಿಯನ್ನು ಬಿಸಿ ತೋರಿಸಿ ನೆಟ್ಟಗೆ ಮಾಡುವುದು, ಮೂಗಿನ ಮೇಲೆ ಜಾರದಂತೆ ಬಿಗಿ ಮಾಡಿ ಕೊಡುವುದು. ಈ ಹೆಸರು ಅಂಗಡಿಯಲ್ಲಿ ಬಂದದ್ದಲ್ಲ, ಪಾರ್ಕಿನ ಖಾಯಂ ಗಿರಾಕಿಗಳು ಇಟ್ಟದ್ದು. ಗಡಗಡದ ಕೆಳಗೆ, ಕೊಳದ ಪಕ್ಕ ಒಂದು ಬೆಂಚಿದೆ. ಮನೆಯವರು ಮೇಲೆ ಹೋದಾಗ ಅವರ ಚೀಲ, ಫೋನು, ಟೋಪಿ, ಚಪ್ಪಲಿ, ಎಲ್ಲಕ್ಕಿಂತ ಮುಖ್ಯವಾಗಿ ಅವರ ಕನ್ನಡಕಗಳನ್ನು ಇಟ್ಟುಕೊಂಡು ಅವಳು ಆ ಬೆಂಚಿನಲ್ಲಿ ಕೂತಿರುತ್ತಾಳೆ. ಮನೆಯಲ್ಲಿ ಎಲ್ಲರಿಗೂ ದೂರದ್ದು ಮಸುಕು; ಕನ್ನಡಕ ಹಾಕಿಕೊಂಡು ಗಡಗಡ ಹತ್ತುವಂತಿರಲಿಲ್ಲ. ಸಾಮಾನು ಇಡುವ ಪೆಟ್ಟಿಗೆಗಳು ಪಾರ್ಕಿನ ಹೆಬ್ಬಾಗಿಲ ಹತ್ತಿರ ಇದ್ದವು, ಅಷ್ಟು ದೂರ ಯಾರು ನಡೆಯುತ್ತಾರೆ, ಚೀಲದಕ್ಕ ಇರುವಾಗ?

ಅವಳು ಯಾಕೆ ಹತ್ತಲಿಲ್ಲ ಎನ್ನುವುದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಮದುವೆಯಾಗಿ ಮೊದಲ ಸಲ ಹೋದಾಗ ಬಸುರಿ. ಆಮೇಲೆ ಮಡಿಲಲ್ಲಿ ಮಗು. ಆಮೇಲೆ ಮಗುವಿನ ಚೀಲ. ಮಗು ದೊಡ್ಡದಾಯಿತು, ಚೀಲ ಮಾತ್ರ ಮಡಿಲಲ್ಲೇ ಉಳಿಯಿತು. ಒಂದು ಸಲ ಯಾರೋ ಕೇಳಿದಾಗ ಗಂಡ, “ಅವಳಿಗೆ ಭಯ” ಅಂದುಬಿಟ್ಟ. ಪಕ್ಕದಲ್ಲೇ ನಿಂತಿದ್ದವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಮಾತು ಹಾಗೇ ಗಟ್ಟಿಯಾಯಿತು. ಕೊನೆಕೊನೆಗೆ ಅವಳೂ ಅದನ್ನು ನಂಬಿದಳು.

ಬೆಂಚಿನಲ್ಲಿ ಕೂತು ಅವಳಿಗೆ ಬೇಸರವೇನೂ ಇರಲಿಲ್ಲ, ಒಂದು ವಿಷಯ ಬಿಟ್ಟು. ಗಾಡಿ ಸರಪಳಿಯ ಮೇಲೆ ಟಕಟಕ ಎನ್ನುತ್ತ ಏರಿ, ನೆತ್ತಿಯಲ್ಲಿ ಒಂದು ಗಳಿಗೆ ನಿಂತಂತಾಗಿ, ಆಮೇಲೆ ಬೀಳುತ್ತದೆ. ಆ ಒಂದು ಗಳಿಗೆಯಲ್ಲಿ ಮನೆಯವರೆಲ್ಲ ಅವಳಿಗೆ ಕೈ ಬೀಸುವುದು ಪದ್ಧತಿ. ಅವಳೂ ಬೀಸುತ್ತಾಳೆ. ಆದರೆ ಕೊಳದ ರಿಪೇರಿಯಾದ ವರ್ಷದಿಂದ ಈಚೆಗೆ ಆ ಕೈಗಳು ಬೆಂಚಿನ ಕಡೆ ಬರುತ್ತಿರಲಿಲ್ಲ. ಕೊಳದ ಆಚೆ ದಂಡೆಯಲ್ಲಿ ಒಬ್ಬ ಐಸ್‌ಕ್ರೀಮಿನವನು ದೊಡ್ಡ ಕೆಂಪು ಕೊಡೆ ನೆಟ್ಟುಕೊಂಡು ನಿಲ್ಲುತ್ತಿದ್ದ. ನಾಲ್ಕೂ ಕೈಗಳು ಅವನ ಕಡೆ ಬೀಸುತ್ತಿದ್ದವು. ಅವನೂ ಸುಮ್ಮನಿರದೆ ವಾಪಸು ಬೀಸುತ್ತಿದ್ದ.

ಇದು ಅವಳ ತಲೆಗೆ ಹುಳ ಬಿಟ್ಟಿತು. ತಮಾಷೆಗೋ? ಅಥವಾ ಬೆಂಚಿನಲ್ಲಿ ತಾನಿದ್ದೇನೆ ಎನ್ನುವುದೇ ಮರೆತುಹೋಯಿತೋ? ಕೇಳಬಹುದಿತ್ತು. ಆದರೆ ‘ನನಗೆ ಯಾಕೆ ಕೈ ಬೀಸಲ್ಲ’ ಎಂದು ಬೆಳೆದ ಹೆಂಗಸು ಕೇಳುವುದು ಹೇಗೆ? ಸಣ್ಣತನ ಅನಿಸಿತು, ಬಿಟ್ಟಳು. ಬಿಟ್ಟದ್ದು ಬಾಯಿ ಮಾತ್ರ, ಮನಸ್ಸಿಗೆ ನೋವಾಗಿತ್ತು. ಐಸ್‌ಕ್ರೀಮಿನವನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಬಿಸಿಲಿಗೆ ಗಂಟಲು ಒಣಗಿದರೂ ಅವನ ಗಾಡಿಯಿಂದ ಏನೂ ಕೊಳ್ಳುತ್ತಿರಲಿಲ್ಲ. ಪಾಪ, ಅವನಿಗೇನು ಗೊತ್ತು.

ಹೀಗಿರುವಾಗ ಒಂದು ಸಂಜೆ ಲಿಫ್ಟ್ ರಿಪೇರಿಯ ಮೈದುನ ಮುಖ ಜೋಲು ಹಾಕಿಕೊಂಡು ಬಂದ. ಈ ರಜೆ ಮುಗಿದ ಮೇಲೆ ಗಡಗಡವನ್ನು ಬಿಚ್ಚಿ ತೆಗೆಯುತ್ತಾರಂತೆ. ಮರ ಹಳೆಯದಾಯಿತು, ಇನ್ನು ರಿಪೇರಿ ಸಾಧ್ಯವಿಲ್ಲ ಎಂದು ಪಾರ್ಕಿನವರು ಹೇಳಿದ್ದಾರೆ. ಮನೆಯಲ್ಲಿ ಸೂತಕದ ಕಳೆ ಬಂತು. ತಟ್ಟೆ ಮುಂದಿಟ್ಟುಕೊಂಡು ಒಬ್ಬೊಬ್ಬರೂ ನೆನಪು ತೆಗೆದರು.

“ನೆತ್ತೀಲಿ ನಿಂತಾಗ ಹೊಳೆ ಕಾಣುತ್ತಲ್ಲ, ಅದು ಇನ್ನೆಲ್ಲಿ ಸಿಗುತ್ತೆ,” ಎಂದು ಅತ್ತೆ ಕಣ್ಣೊರೆಸಿಕೊಂಡಳು.

“ಹೊಳೆ ಎಲ್ಲಮ್ಮ, ಅದು ನಮ್ಮ ಬಸ್ ಡಿಪೋದ ತಗಡಿನ ಸೂರು,” ಎಂದ ಗಂಡ.

“ಎರಡೂ ಅಲ್ಲ, ನಮ್ಮ ಮನೆ ತಾರಸಿ ಕಾಣುತ್ತೆ. ನೀಲಿ ಟ್ಯಾಂಕು ಇದ್ಯಲ್ಲ, ಅದೇ,” ಎಂದಳು ಮಗಳು.

“ಯಾವ ಟ್ಯಾಂಕೂ ಇಲ್ಲ, ಎಲ್ಲ ಬರೀ ಆಕಾಶ,” ಎಂದು ಮೈದುನ ಮುಗಿಸಿದ.

ಚೀಲದಕ್ಕನ ಕಿವಿ ನೆಟ್ಟಗಾಯಿತು. “ಹಾಗಾದ್ರೆ ನಮ್ಮನೆ ಕಾಣುತ್ತೋ ಇಲ್ವೋ?” ಎಂದು ಕೇಳಿದಳು.

ಇಷ್ಟು ವರ್ಷ ಹತ್ತಿ ಇಳಿದವರಲ್ಲಿ ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಇರುವುದಾದರೂ ಹೇಗೆ, ಕನ್ನಡಕಗಳೆಲ್ಲ ಇವಳ ಮಡಿಲಲ್ಲಿರುತ್ತಿದ್ದವು.

“ನಾನು ಹೋಗಿ ನೋಡ್ತೀನಿ,” ಎಂದಳು.

ಸಾರಿನ ಸೌಟು ಗಂಡನ ಕೈಯಲ್ಲೇ ನಿಂತಿತು. “ನೀನಾ? ಮತ್ತೆ ಚೀಲ?” ಎಂದ.

ಭಯ ಆಗಲ್ವಾ ಎಂದು ಯಾರೂ ಕೇಳಲಿಲ್ಲ ನೋಡಿ, ಚೀಲದ ಚಿಂತೆಯೇ ಮೊದಲು ಬಂತು. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದನ್ನು ತೋರಿಸಿಕೊಳ್ಳದೆ ಅನ್ನ ಬಡಿಸಿದಳು. ಬಾಯಿ ಬಿಟ್ಟವನು ಮೈದುನ. ಅವಳು ಆ ಮನೆಗೆ ಬಂದಾಗ ಅವನಿನ್ನೂ ಶಾಲೆಯ ಹುಡುಗ. ಅವನ ಪುಸ್ತಕದ ಚೀಲವನ್ನೂ ಇವಳೇ ಹೊತ್ತವಳು. “ನಾನು ಕೂತ್ಕೋತೀನಿ ಅತ್ತಿಗೆ, ಬೆಂಚಲ್ಲಿ. ನೀವು ಹೋಗಿ ಬನ್ನಿ,” ಎಂದ. ಕೊನೆಯ ಸಲದ ಗಡಗಡದಲ್ಲಿ ಒಂದು ಸುತ್ತು ಬಿಟ್ಟುಕೊಡುವುದೆಂದರೆ ಅವನ ಮಟ್ಟಿಗೆ ಸಣ್ಣ ಮಾತಲ್ಲ.

ಅವಳಿಗೆ ಇನ್ನೊಂದು ಅನುಕೂಲವೂ ಒದಗಿತ್ತು. ಹಿಂದಿನ ಬಾರಿ ಹೋದಾಗ ಗಡಗಡದ ಬೋರ್ಡಿನಲ್ಲಿ ಹೊಸದೊಂದು ಸಾಲು ಬರೆದಿದ್ದರು, ಪಟ್ಟಿ ಕಟ್ಟಿದ ಕನ್ನಡಕಕ್ಕೆ ಅಡ್ಡಿಯಿಲ್ಲ ಎಂದು. ಚೆಂಡಾಟದವರು ತಲೆಯ ಹಿಂದೆ ಬಿಗಿದುಕೊಳ್ಳುವ ರಬ್ಬರಿನ ಪಟ್ಟಿ ಅದು. ಅಂಗಡಿಗೆ ಈಚೆಗೆ ಬಂದಿತ್ತು, ಒಂದೇ ಉಳಿದಿತ್ತು. ಕನ್ನಡಕ ಕಾಯಲು ಬೆಂಚಿನಲ್ಲಿ ಇವಳಿರುವಾಗ ಪಟ್ಟಿ ಯಾಕೆ ಎಂದು ಮನೆಯವರು ಆ ಸಾಲನ್ನು ಓದಿರಲೇ ಇಲ್ಲ. ಇವಳು ಓದಿದ್ದಳು. ಪಟ್ಟಿಯನ್ನು ತನ್ನ ಕನ್ನಡಕದ ಕಡ್ಡಿಗಳಿಗೆ ಸಿಕ್ಕಿಸಿ, ಕನ್ನಡಿಯ ಮುಂದೆ ತಲೆ ಕೊಡವಿ ಕೊಡವಿ ನೋಡಿದಳು. ಜಗ್ಗಲಿಲ್ಲ.

ಪಾರ್ಕಿನಲ್ಲಿ ಆ ದಿನ ಮೈದುನನಿಗೆ ಅವಳು ಮಾಡಿದ ಪಾಠ ಕೇಳಬೇಕಿತ್ತು. “ಗಾಜು ಮೇಲೆ ಬರೋ ಹಾಗೆ ಇಡು. ಕಡ್ಡಿ ಮಡಚು. ಅತ್ತೇದು ಉದ್ದ ಕಡ್ಡಿ, ಅದರ ಮೇಲೆ ಬೇರೇದು ಪೇರಿಸಬೇಡ. ಫೋನ್ ಹೊಡ್ಕೊಂಡ್ರೆ ಎತ್ತಬೇಡ, ಹೊಡ್ಕೊಳ್ಳಲಿ.” ಅವನು ಎರಡು ಹೆಗಲಿಗೂ ಚೀಲ ಜೋತು ಹಾಕಿಕೊಂಡು, ಕನ್ನಡಕಗಳನ್ನು ಕೋಳಿಮರಿ ಹಿಡಿದಂತೆ ಹಿಡಿದು ಬೆಂಚಿನಲ್ಲಿ ಕೂತ. ಇಷ್ಟೆಲ್ಲ ಇದೆಯಾ ಇದರಲ್ಲಿ ಎನ್ನುವಂತಿತ್ತು ಅವನ ಮುಖ.

ಸಾಲು ನಿಧಾನವಾಗಿ ಮುಂದಕ್ಕೆ ಸರಿಯಿತು. ಹಲಗೆಯ ಮೆಟ್ಟಿಲು ಹತ್ತುವಾಗ ಅವಳ ಮೊಣಕಾಲು ನಡುಗಿತು, ಸುಳ್ಳು ಯಾಕೆ ಹೇಳಲಿ. ಆದರೆ ನಡುಗುವ ಕಾಲನ್ನೂ ಅವಳು ಕುತೂಹಲದಿಂದಲೇ ನೋಡಿದಳು, ಓಹೋ, ಭಯ ಅಂದರೆ ಇಷ್ಟೇನಾ ಎಂದು. ಗಾಡಿ ಓಡಿಸುವವನು ಕನ್ನಡಕ ನೋಡಿ ಕೈ ಚಾಚಿದ. ಅವಳು ತಲೆ ತಿರುಗಿಸಿ ಪಟ್ಟಿ ತೋರಿಸಿದಳು. ಮಗಳ ಪಕ್ಕ ಅವಳು, ಹಿಂದಿನ ಸಾಲಿನಲ್ಲಿ ಗಂಡ. ಅತ್ತೆ ಎಂದಿನಂತೆ ಕಟ್ಟಕಡೆಯ ಸೀಟಿಗೆ ಓಡಿದಳು. ಕಂಬಿ ತೊಡೆಯ ಮೇಲೆ ಕೂತಿತು, ಸರಪಳಿ ಟಕಟಕ ಎಂದಿತು.

ಕೆಳಗಿನಿಂದ ಕೇಳಿದ್ದ ಸದ್ದು ಈಗ ಬೆನ್ನುಮೂಳೆಯೊಳಗೆ ಬಂದಿತ್ತು. ಅವಳು ಕಣ್ಣು ಮುಚ್ಚಲಿಲ್ಲ, ನೋಡುವುದಕ್ಕೇ ಅಲ್ಲವೇ ಬಂದದ್ದು. ಟಿಕೆಟ್ ಮನೆಯ ಸೂರು ಕಂಡಿತು. ಅದರ ಮೇಲೆ ಗಾಳಿಗೆ ಹಾರಿಬಿದ್ದ ಟೋಪಿಗಳು, ಒಂಟಿ ಚಪ್ಪಲಿಗಳು, ಒಂದು ಗೊಂಬೆ. ಆ ಟೋಪಿಗಳಲ್ಲಿ ಒಂದು ಗಂಡನದು! ಯಾರೋ ಕದ್ದರು ಎಂದು ಅವನು ವರ್ಷಗಟ್ಟಲೆ ಬೈಯುತ್ತಿದ್ದನಲ್ಲ, ಅದೇ ಹಸಿರು ಪಟ್ಟೆಯದು. ಮರಗಳ ನೆತ್ತಿ ಕಂಡಿತು, ಕಾಗೆಯ ಗೂಡು ಕಂಡಿತು. ಇನ್ನೇನು ತುದಿ ಬಂತು, ಈಗ ಊರಿನ ಕಡೆ ನೋಡಬೇಕು, ನೀಲಿ ಟ್ಯಾಂಕು ಹುಡುಕಬೇಕು ಎಂದುಕೊಂಡಳು.

ಗಾಡಿ ನೆತ್ತಿಯಲ್ಲಿ ನಿಂತಂತಾಯಿತು. ಪಕ್ಕದಲ್ಲಿ ಮಗಳು ಕೈ ಎತ್ತಿ, “ಚಿಕ್ಕಪ್ಪಾ!” ಎಂದು ಕೂಗುತ್ತ ಬೀಸತೊಡಗಿದಳು, ಕೊಳದ ಆಚೆ ದಂಡೆಯ ಐಸ್‌ಕ್ರೀಮಿನವನ ಕಡೆಗೆ.

“ಅಲ್ಲಿ ಯಾಕೆ ಬೀಸ್ತೀಯ? ಅವನು ಇರೋದು ಈ ಕಡೆ!”

“ಕೆಂಪು ಇರೋದು ಆ ಕಡೆ ಅಲ್ವಾ ಅಮ್ಮ? ಕೆಂಪು ಕೊಡೆ ಪಕ್ಕ ತಾನೇ ನಿನ್ನ ಬೆಂಚು? ಯಾವಾಗ್ಲೂ ನಿಂಗೆ ಅಲ್ಲಿಗೇ ಬೀಸೋದು!”

ಹೌದಲ್ಲ! ಮೊದಲೆಲ್ಲ ಐಸ್‌ಕ್ರೀಮಿನ ಗಾಡಿ ಬೆಂಚಿಗೆ ಅಂಟಿಕೊಂಡೇ ಇರುತ್ತಿತ್ತು. ಕೊಳ ರಿಪೇರಿ ಮಾಡಿದಾಗ ಅವನನ್ನು ಆಚೆ ದಂಡೆಗೆ ಕಳಿಸಿದರು. ಕನ್ನಡಕವಿಲ್ಲದ ಕಣ್ಣಿಗೆ ಅಷ್ಟು ಎತ್ತರದಿಂದ ಬೆಂಚು ಕಾಣುವುದಿಲ್ಲ, ಮನುಷ್ಯರು ಕಾಣುವುದಿಲ್ಲ. ಕಂಡರೆ ಆ ಕೆಂಪು ಒಂದೇ. ಅವರೆಲ್ಲ ಕೆಂಪನ್ನು ಗುರುತಿಟ್ಟುಕೊಂಡು ಇಷ್ಟು ವರ್ಷವೂ ಕೈ ಬೀಸಿದ್ದು ಅವಳಿಗೇ. ನಾಲ್ವರ ಕನ್ನಡಕದ ಪವರು ನಾಲಗೆಯ ತುದಿಯಲ್ಲಿರುವವಳು, ಊರಿಗೆಲ್ಲ ಕಣ್ಣು ಸರಿಮಾಡಿ ಕೊಡುವವಳು, ಇದೊಂದು ಅವಳಿಗೆ ಹೊಳೆದಿರಲಿಲ್ಲ! ಕೆಳಗೆ ಬೆಂಚಿನ ಮೇಲೆ ಮೈದುನ ಎದ್ದು ನಿಂತು ಎರಡೂ ಕೈ ಆಡಿಸುತ್ತಿದ್ದ. ಚೀಲಗಳು ಅವನ ಎರಡೂ ಪಕ್ಕ ಓಲಾಡುತ್ತಿದ್ದವು. ಬೆರಳ ಗಾತ್ರಕ್ಕಿದ್ದ, ಆದರೆ ಸ್ಪಷ್ಟವಾಗಿ ಕಾಣುತ್ತಿದ್ದ. ಅಲ್ಲಿ ಕೂತ ತಾನೂ ಹೀಗೇ ಇದ್ದೆನಲ್ಲ ಎಂದುಕೊಳ್ಳುವಷ್ಟರಲ್ಲಿ ಗಾಡಿ ಬಿತ್ತು.

ಬಿದ್ದಾಗ ಎಲ್ಲರೂ ಕಿರುಚಿದರು. ಅವಳು ನಕ್ಕಳು. ತಿರುವಿನಲ್ಲಿ ನಕ್ಕಳು, ಕತ್ತಲ ಸುರಂಗದಲ್ಲಿ ನಕ್ಕಳು, ಜೀವ ಬಾಯಿಗೆ ಬಂದಾಗಲೂ ನಕ್ಕಳು. ಗಾಡಿ ನಿಂತಾಗ ಕನ್ನಡಕದ ಒಳಗೆಲ್ಲ ಒದ್ದೆ. ಗಂಡ ಗಾಬರಿಯಾಗಿ, “ಭಯ ಆಯ್ತೇನೆ?” ಎಂದು ಕೇಳಿದ.

“ನಂಗೆ ಭಯ ಇಲ್ಲ ರೀ. ಯಾವತ್ತೂ ಇರ್ಲಿಲ್ಲ ಅನ್ಸುತ್ತೆ,” ಎಂದಳು. ಅವನು ಕುತ್ತಿಗೆ ತುರಿಸಿಕೊಂಡ. “ಮತ್ತೆ ಹೇಳ್ಬೇಕಿತ್ತಲ್ಲ,” ಎಂದು ಮೊದಲು ಅಂದ. ಆಮೇಲೆ, “ನಾನೂ ಕೇಳ್ಬೇಕಿತ್ತು,” ಎಂದ. ಅವಳು ಮಾತು ಬದಲಿಸಿ, ಟೋಪಿ ಟಿಕೆಟ್ ಮನೆ ಸೂರಿನ ಮೇಲಿದೆ ಎಂದು ತಿಳಿಸಿದಳು.

ಬೆಂಚಿನ ಹತ್ತಿರ ಎಲ್ಲರೂ ಕನ್ನಡಕ ಹಾಕಿಕೊಂಡು ಅವಳನ್ನು ಮುತ್ತಿದರು.

“ಕಾಣ್ತಾ ಮನೆ?” ಮೈದುನನಿಗೆ ಎಲ್ಲರಿಗಿಂತ ಅವಸರ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. “ಅಯ್ಯೋ! ನೋಡೋಕೇ ಮರೆತೆ!”

“ಅದನ್ನ ನೋಡೋಕೆ ಅಂತಾನೇ ಹೋಗಿದ್ದಲ್ವಾ!” ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಆಗ ಚೀಲದಕ್ಕ ಕೆಂಪು ಕೊಡೆಯ ಸಂಗತಿ ಹೇಳಿದಳು. ಎಲ್ಲರೂ ತಿರುಗಿ, ಕನ್ನಡಕದೊಳಗಿಂದ ಕೊಳದ ಆಚೆ ನೋಡಿದರು. ಈ ಐಸ್‌ಕ್ರೀಮ್ ಗಾಡಿ ಇಲ್ಲಿ ತಾನೇ ಇತ್ತು, ಯಾವಾಗ ಅಲ್ಲಿಗೆ ಹೋಯ್ತು ಎಂದು ಅತ್ತೆ ಬೆರಗಾದಳು. ಮೈದುನ ನಕ್ಕು ನಕ್ಕು ಬೆಂಚಿನಲ್ಲಿ ಕುಸಿದ. ಮಗಳು ಮಾತ್ರ ನಗಲಿಲ್ಲ.

“ನೀನು ಇಷ್ಟು ದಿನ ಏನಂದ್ಕೊಂಡಿದ್ದೆ ಅಮ್ಮ?”

“ಏನೂ ಇಲ್ಲ ಬಿಡು,” ಎಂದಳು. ಆಮೇಲೆ ಮನಸ್ಸು ಬದಲಾಯಿಸಿ, “ನನ್ನ ನೆನಪೇ ಇಲ್ಲ ನಿಮಗೆ ಅಂದ್ಕೊಂಡಿದ್ದೆ,” ಎಂದಳು.

ಮಗಳು ತಾಯಿಯ ತಲೆಯ ಹಿಂದಿನಿಂದ ಪಟ್ಟಿ ಬಿಚ್ಚಿ ತನ್ನ ಕನ್ನಡಕಕ್ಕೆ ಸಿಕ್ಕಿಸಿಕೊಂಡಳು. “ಒಂದೇ ಒಂದು ಸುತ್ತು. ಮನೆ ಕಾಣುತ್ತಾ ನಾನು ನೋಡ್ಕೊಂಡ್ ಬರ್ತೀನಿ. ನೀನು ಇಲ್ಲೇ ಕೂತಿರು,” ಎಂದು ಚಿಕ್ಕಪ್ಪನನ್ನು ಎಳೆದುಕೊಂಡು ಸಾಲಿಗೆ ಓಡಿದಳು.

ಚೀಲದಕ್ಕ ಕೂತಳು. ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಚೀಲಗಳಿಗೆ ಜಾಗ ಸಾಲದೆ ಗಂಡನ ತೊಡೆ ಏರಿದವು. ಗಾಡಿ ಟಕಟಕ ಎನ್ನುತ್ತ ಏರಿ ನೆತ್ತಿಗೆ ಬಂತು. ಅವಳು ಕೈ ಎತ್ತಿದಳು. ಮೇಲೆ ಮೈದುನನ ಕೈ ಹಳೆಯ ಅಭ್ಯಾಸದಂತೆ ಆಚೆ ದಂಡೆಯ ಕಡೆ ತಿರುಗಿತು. ಅದರ ಪಕ್ಕದ ಸಣ್ಣ ಕೈ ಹಾಗೆ ಮಾಡಲಿಲ್ಲ. ಅದು ನೇರವಾಗಿ ಬೆಂಚಿನ ಕಡೆಗೇ ಬೀಸಿತು, ಗಾಡಿ ಬೀಳುವ ತನಕ ಬೀಸುತ್ತಲೇ ಇತ್ತು.

ಮಗಳು ಕೆದರಿದ ಕೂದಲಲ್ಲಿ ಓಡಿಬಂದು ಏದುಸಿರು ಬಿಡುತ್ತ ನಿಂತಳು.

“ಕಾಣ್ತೇನೇ ಮನೆ?” ಎಂದು ಅಜ್ಜಿ ಕೇಳಿದಳು.

“ನೋಡ್ಲಿಲ್ಲ ಅಜ್ಜಿ. ಅಮ್ಮ ಕಾಣ್ತಿದ್ಲು, ಅವಳನ್ನೇ ನೋಡ್ತಾ ಕೂತೆ,” ಎಂದಳು.